ಚಿರತೆಯ ಗೂಟ

ಕಾಕಾನಿಗಿಂತ ಮೊದಲು ಕಾಕಾನ ಮೂಗು ಬರುತ್ತಿತ್ತು. ಓಣಿಯ ತಿರುವಿನಲ್ಲಿ ಅದು ಹೊರಳಿ, ಆಚೀಚೆ ನೋಡಿ, ದಾರಿ ಸುರಳೀತ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಉಳಿದ ದೇಹ ಹಿಂದಿನಿಂದ ಸಾವಕಾಶ ಬರುತ್ತಿತ್ತು. ತಪಕೀರು ಎಂದು ನಮ್ಮ ಕಡೆ ಕರೆಯುವ ನಶ್ಯವನ್ನು ಏರಿಸಿ ಏರಿಸಿ ಹೊಳ್ಳೆಗಳ ಸುತ್ತ ಕಂದು ಬಣ್ಣ ಹಂಚಿನ ಮಸಿಯ ಹಾಗೆ ಕೂತುಬಿಟ್ಟಿತ್ತು. ಆ ಮೂಗಿನಿಂದ ಒಂದು ಸೀನು ಹೊರಟರೆ ಎದುರಿನ ಗುಡಿಯ ಮೇಲೆ ಕೂತ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಊರಿಗೆ ಒಂದು ಪ್ರದಕ್ಷಿಣೆ ಹಾಕಿ ಬರುತ್ತಿದ್ದವು. ಅಳುತ್ತಿದ್ದ ಕೂಸು ಸುಮ್ಮನಾಗುತ್ತಿತ್ತು. ಸುಮ್ಮನಿದ್ದ ಕೂಸು ಅಳಲು ಶುರು ಮಾಡುತ್ತಿತ್ತು. ಸೀನು ಒಂದೇ. ಅದರ ಬೆನ್ನಿಗೆ ಎರಡನೆಯದು ಬಂದದ್ದನ್ನು ನಮ್ಮೂರು ದರಿಬಡಚಿಯಲ್ಲಿ ಕಂಡವರಿಲ್ಲ.

ನಾನು ನಕಲಿ ಮಾಡುವವನು. ಮನೆಯಲ್ಲಿ ಇಟ್ಟ ಹೆಸರು ಮನೆಯವರೇ ಮರೆತಿದ್ದಾರೆ. ಊರಿಗೆಲ್ಲ ನಾನು 'ನಕಲಿ'. ಸಾಲೆಯ ಮಾಸ್ತರರು ಮರಾಠಿಯಲ್ಲಿ ಕಲಿಸಿ ಕನ್ನಡದಲ್ಲಿ ಬಯ್ಯುವುದನ್ನೂ, ಜತ್ತದ ಬಸ್ಸಿನ ಕಂಡಕ್ಟರ ಕನ್ನಡದಲ್ಲಿ ಕರೆದು ಹತ್ತಿಸಿಕೊಂಡು ಮರಾಠಿಯಲ್ಲಿ ಇಳಿಸುವುದನ್ನೂ, ನಮ್ಮಪ್ಪ ಉಣ್ಣುವ ಮೊದಲೊಂದು ಉಂಡ ಮೇಲೊಂದು ಕೆಮ್ಮುವುದನ್ನೂ ಅವರವರ ಬೆನ್ನ ಹಿಂದೆಯೇ ನಿಂತು ಮಾಡಿ ತೋರಿಸಿದವನು. ನನ್ನನ್ನೂ ಬಿಟ್ಟಿಲ್ಲ. ಮೀಸೆ ಮೂಡುವ ಕಾಲಕ್ಕೆ ನನ್ನ ದನಿ ಒಡೆದು, ಒಂದೇ ಮಾತು ಕೋಣನಂತೆ ಹೊರಟು ಕೋಳಿಮರಿಯಂತೆ ಮುಗಿಯುತ್ತಿತ್ತಲ್ಲ, ಅದನ್ನು ಮಂದಿ ಆಡಿಕೊಳ್ಳುವ ಮೊದಲೇ ನಾನೇ ಕಟ್ಟೆಗೆ ಕೂತು ಆಡಿ ತೋರಿಸಿದೆ. ಸೋತದ್ದು ಕಾಕಾನ ಸೀನಿನ ಮುಂದೆ ಮಾತ್ರ. ದನಿ ಅದೇ, ಎಳೆತ ಅದೇ, ಕೊನೆಯ ಗುಡುಗೂ ಅದೇ. ಪಾರಿವಾಳ ಮಾತ್ರ ಏಳುತ್ತಿರಲಿಲ್ಲ. ನಾನು ಸೀನಿ ಗುಡಿಯ ಕಡೆ ನೋಡುತ್ತಿದ್ದರೆ ಕಾಕಾ ತನ್ನ ಕಟ್ಟೆಯ ಮೇಲೆ ಕೂತು ನಗುತ್ತಿದ್ದ.

“ಮಂದಿ ಕಿವಿಗೆ ಮೋಸ ಮಾಡಬಹುದೋ ನಕಲಿ. ಪಾರಿವಾಳಕ್ಕ ಅಸಲ ಗೊತ್ತಾಗತೈತಿ.”

ಅವನಿಗೂ ನಮಗೂ ರಕ್ತಸಂಬಂಧವಿಲ್ಲ, ಗೋಡೆಸಂಬಂಧ. ಎರಡು ಮನೆಗಳ ನಡುವೆ ಒಂದೇ ಗೋಡೆ. ಜತ್ತ ಸಂಸ್ಥಾನವಿದ್ದ ಕಾಲದಲ್ಲಿ ಕಾಕಾ ಶಿಕಾರಿಯ ತಂಡದಲ್ಲಿದ್ದ. ಹೊರಗಿನಿಂದ ಬರುತ್ತಿದ್ದ ಅತಿಥಿ ಸಾಹೇಬರಿಗೆ ಡೇರೆ ಹಾಕಿಸುವುದು, ಗುಡ್ಡದ ದಾರಿ ತೋರುವುದು, ಡಬ್ಬಿ ಬಡಿದು ಪ್ರಾಣಿಗಳನ್ನು ಎಬ್ಬಿಸುವ ಆಳುಗಳನ್ನು ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೊರಟದ್ದು ಶಿಕಾರಿಗೆ ಎಂದು ನೆಂಟರು ಮೂಗು ಮುರಿಯುತ್ತಿದ್ದರು. ಸಾಹೇಬರ ಡೇರೆಯಲ್ಲಿ ಅವನು ನೀರು ಕೂಡ ಮುಟ್ಟುತ್ತಿರಲಿಲ್ಲ. ಅವನ ಹೆಂಡತಿ, ನಮ್ಮ ಕಾಕು, ಕಟ್ಟಿಕೊಟ್ಟ ರೊಟ್ಟಿ, ಶೇಂಗಾದ ಹಿಂಡಿ, ಅಷ್ಟೇ ಅವನ ಊಟ.

ಸಂಸ್ಥಾನ ವಿಲೀನವಾಯಿತು, ಶಿಕಾರಿಯೂ ನಿಂತಿತು. ಕಾಕಾ ಒಂದು ತಗಡಿನ ಟ್ರಂಕನ್ನು ಗಾಡಿಯಲ್ಲಿ ಹೇರಿಕೊಂಡು ಊರಿಗೆ ಬಂದ. ಇಷ್ಟು ವರ್ಷ ಸಾಹೇಬರ ಸಂಗಡ ತಿರುಗಿದವನು ಕಡೇಪಕ್ಷ ಒಂದು ಹುಲಿಯ ಚರ್ಮವನ್ನಾದರೂ ತಂದಿರುತ್ತಾನೆಂದು ಊರು ಕೂಡಿತು. ಟ್ರಂಕು ತೆರೆದರೆ ಮೇಲೆಯೇ ಒಂದು ಹರಿದ ಧೋತರ. ಸೊಂಟದಿಂದ ಮೊಳಕಾಲಿನವರೆಗೆ ಸೀಳಿದ್ದು. ಕಾಡುಹಂದಿ ಸೀಳಿದ್ದಂತೆ. ಅದರ ಕೆಳಗೆ ಒಂದೇ ಕಾಲಿನ ಚಪ್ಪಲಿ, ಅಟ್ಟೆಯಲ್ಲಿ ಮುಳ್ಳುಹಂದಿಯ ಮುಳ್ಳು ಇನ್ನೂ ನೆಟ್ಟಗೆ ನಿಂತಿದ್ದವು. ತೋಳದ ಹಲ್ಲಿನ ತೂತು ಬಿದ್ದ ಬುತ್ತಿಯ ಅರಿವೆ. ತೋಳ ರೊಟ್ಟಿ ಒಯ್ದು ಹಿಂಡಿಯನ್ನು ಬಿಟ್ಟು ಹೋಯಿತು, ಕಾಕು ಹಾಕಿದ ಖಾರ ಅದಕ್ಕೂ ತಡೆಯಲಿಲ್ಲ ಎಂದು ಕಾಕಾ ವಿವರಿಸಿದ. ಎರಡು ಗಂಡು ಚಿಗರಿ ಜಿಂಕೆ ಕಾದಾಡಿ ಓಡಿದ ಜಾಗದಲ್ಲಿ ಆರಿಸಿಕೊಂಡ ಕೋಡಿನ ಚೂರು. ಊರಿನವರು ಟ್ರಂಕಿನ ತಳ ಬಡಿದು ನೋಡಿ ಮನೆಗೆ ಹೋದರು.

ಕಾಕಾ ಅವನ್ನೆಲ್ಲ ಪಡಸಾಲೆಯ ಗೋಡೆಗೆ ಏರಿಸಿದ. ನಮ್ಮ ಕಡೆ ಮಣ್ಣಿನ ಗೋಡೆ ಎಬ್ಬಿಸುವಾಗಲೇ ಕಟ್ಟಿಗೆಯ ಗೂಟ ಕೂಡಿಸುತ್ತಾರೆ. ಕಿತ್ತರೆ ಗೋಡೆಯೂ ಕೂಡಿ ಬರುತ್ತದೆ. ಅಂಗಿ, ರುಮಾಲು, ಹಗ್ಗ ತೂಗಬೇಕಾದ ಆ ಗೂಟಗಳ ಮೇಲೆ ಅವನ ಶಿಕಾರಿ ತೂಗಿತು. ಪ್ರವಾಸವೂ ತೂಗಿತು. ಊರವರ ಜತೆ ಕಾಶಿಗೆ ಹೊರಟು, ಮನಮಾಡ ಸ್ಟೇಶನ್ನಿನಲ್ಲಿ ನೀರು ಕುಡಿಯಲು ಇಳಿದಾಗ ಗಾಡಿ ಅವನನ್ನು ಬಿಟ್ಟು ಹೋಗಿತ್ತು. ಉಳಿದವರು ಕಾಶಿಗೆ ಹೋಗಿ ಗಂಗೆ ತಂದರು. ಕಾಕಾ ಮನಮಾಡದ ನಳದ ನೀರನ್ನೇ ತಾಮ್ರದ ಗಿಂಡಿಯಲ್ಲಿ ತುಂಬಿ, ಬಾಯಿ ಬೆಸೆಸಿ, ಹೊತ್ತು ತಂದ. ಅವರ ಗಂಗೆ ಕೆಲವೇ ವರ್ಷದಲ್ಲಿ ಆರಿಹೋಯಿತು. ಕಾಕಾನ ಮನಮಾಡ ಅಲುಗಿಸಿದರೆ ಇನ್ನೂ ಗುಳುಗುಳು ಅನ್ನುತ್ತಿತ್ತು.

ನಡುವಿನ ಗೂಟ ಮಾತ್ರ ಯಾವಾಗಲೂ ಖಾಲಿ. ಯಾರಾದರೂ ಅರಿಯದೆ ಅಲ್ಲಿ ಅಂಗಿ ತೂಗಿದರೆ ಕಾಕಾ ಧಡಕ್ಕನೆ ಏಳುತ್ತಿದ್ದ.

“ತಗೀ, ತಗೀ. ಅಲ್ಲಿ ಚಿರತಿ ಐತಿ.”

ಸಾಹೇಬನ ಜತೆ ಕಾಕಾ ಮರ ಹತ್ತಿ ಕೂತಿದ್ದ. ಕೆಳಗೆ ಚಿರತೆ ಬಂತು, ನಿಂತಿತು. ಸಾಹೇಬ ಬಂದೂಕು ಎತ್ತಿ ಒಂದು ಕಣ್ಣು ಮುಚ್ಚಿದ. ಆಗ ಕಾಕಾ ಸೀನಿದ. ಚಿರತೆ ಆ ಗುಡ್ಡವನ್ನಲ್ಲ, ತಾಲೂಕನ್ನೇ ಬಿಟ್ಟಿತು. ಸಾಹೇಬ ಮರದಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿ, ಡೇರೆ ಮುಟ್ಟುವವರೆಗೂ ಇಂಗ್ಲಿಷಿನಲ್ಲಿ ಬಯ್ದ. ಕಾಕಾನಿಗೆ ಇಂಗ್ಲಿಷು ಬರುತ್ತಿರಲಿಲ್ಲವಾದ್ದರಿಂದ ದಾರಿ ಸುಖವಾಗಿ ಸಾಗಿತು. ಚಿರತೆ ನೆನಪಿಗೆಂದು ಏನನ್ನೂ ಬಿಟ್ಟು ಹೋಗಿರಲಿಲ್ಲ. ಅದಕ್ಕೇ ಗೂಟ ಖಾಲಿ.

ಪ್ರತಿ ಗೂಟದ ಕಥೆ ಮುಗಿದಾಗಲೂ ಅವನ ಮಾತು ಒಂದೇ: “ಅದೂ ಉಳೀತು, ನಾನೂ ಉಳದೆ. ಮತ್ತೇನ ಬೇಕು?” ಯಾರು ಏನೆಂದು ಚೇಷ್ಟೆ ಮಾಡಿದರೂ ನಗುತ್ತಿದ್ದ. ಪ್ರಾಣಿ ಸತ್ತಿತು ಅಂದರೆ ಮಾತ್ರ ತಾಳುತ್ತಿರಲಿಲ್ಲ. ಜತ್ತದ ಅರಿವೆ ವ್ಯಾಪಾರಿಯೊಬ್ಬ ಧೋತರ ನೋಡಿ, ಹಂದಿಯನ್ನು ಚಲೋ ಹೊಡೆದಿರಬೇಕು ನೀವು, ಎಂದು ಸುಮ್ಮನೆ ಬಾಯಿಮಾತಿಗೆ ಹೊಗಳಿದ. ಕಾಕಾ ಅವನ ಕೈಯ ಚಹಾ ಕಪ್ಪನ್ನು ಇಸಿದುಕೊಂಡು ಕೆಳಗಿಟ್ಟು, ಹಂದಿ ಎಲ್ಲಿಂದ ಬಂತು, ಎಲ್ಲಿ ತಿವಿಯಿತು, ತಾನು ಯಾವ ಜಾಲಿಯ ಗಿಡ ಹತ್ತಿದೆ, ಇಳಿಯುವಾಗ ಮುಳ್ಳು ಎಲ್ಲೆಲ್ಲಿ ಚುಚ್ಚಿದವು, ಎಲ್ಲವನ್ನೂ ಹೇಳಿ, ಹಂದಿ ಬದುಕಿದೆ ಎಂದು ಅವನ ಬಾಯಿಂದಲೇ ಅನ್ನಿಸಿ ಬಿಟ್ಟ. ಅಷ್ಟರಲ್ಲಿ ವ್ಯಾಪಾರಿಯ ಬಸ್ಸು ಹೋಗಿತ್ತು. ಗಡಿಬಿಡಿಯಲ್ಲಿ ಅವನು ಮರೆತು ಹೋದ ಛತ್ರಿಯೂ ಮುಂದೆ ಒಂದು ಗೂಟ ಹಿಡಿಯಿತು.

ನನಗೂ ಆ ಗೋಡೆಯಲ್ಲಿ ಒಂದು ಗೂಟ ಸಿಕ್ಕಿತು. ಊರಿನ ನಾಟಕದಲ್ಲಿ ನಾನು ರಾಜ. ಸಿಂಹಾಸನದಿಂದ ಎದ್ದು ಗುಡುಗುವ ಹೊತ್ತಿಗೆ ಅಂಟು ಬಿಟ್ಟು ನನ್ನ ಮೀಸೆ ಹಾರಿ ಮಂತ್ರಿಯ ತಲೆಯ ಪಟಕದ ಮೇಲೆ ಕೂತಿತು. ಮಂತ್ರಿ ಅದನ್ನು ತೆಗೆದು ಎರಡೂ ಕೈಯಿಂದ ನನಗೆ ಒಪ್ಪಿಸಿದ, ಕಪ್ಪಕಾಣಿಕೆಯ ಹಾಗೆ. ಊರು ಬಿದ್ದು ಬಿದ್ದು ನಕ್ಕಿತು. ಬೇರೆಯವರನ್ನು ನಗೆಗೀಡು ಮಾಡಿ ರೂಢಿಯಾಗಿದ್ದವನಿಗೆ ತನ್ನ ಪಾಳಿ ಬಂದಾಗ ಅನ್ನ ಇಳಿಯಲಿಲ್ಲ. ಇನ್ನು ನಕಲಿ ಸಾಕು, ಹೊಲ ಮಾಡಿಕೊಂಡು ಬಾಯಿ ಮುಚ್ಚಿಕೊಂಡು ಇರುತ್ತೇನೆ ಎಂದು ಮೂಲೆ ಹಿಡಿದು ಮಲಗಿದೆ. ಕಾಕಾ ಬಂದು ತಲೆದೆಸೆ ಕೂತ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಆ ಮೀಸೆ ಎಲ್ಲಿದೆ ಎಂದು ಕೇಳಿದ.

“ನನಗ ಕೊಡಲೇ. ಹಂದಿ ಬಾಜೂಕ ಒಂದು ಗೂಟ ಖಾಲಿ ಐತಿ.”

ಮರುದಿನದಿಂದ ಬಂದವರಿಗೆಲ್ಲ ಅವನು ಅದನ್ನೂ ತೋರಿಸತೊಡಗಿದ: ರಾಜಾ ಮೀಶಿ ಬಿಟ್ಟು ಓಡಿದ, ಮೀಶೀನೂ ಉಳೀತು, ರಾಜಾನೂ ಉಳದ. ಹೇಳುವ ರೀತಿಯಲ್ಲಿ ಹುರುಪು ಸಾಲದೆನಿಸಿ ನಾನೇ ಎದ್ದು ಹೋಗಿ, ಮಂತ್ರಿ ಹೇಗೆ ಬಾಗಿದ, ನನ್ನ ಗುಡುಗು ಹೇಗೆ ಗಂಟಲಲ್ಲೇ ಕೋಳಿಮರಿಯಾಯಿತು ಎಂದು ಮಾಡಿ ತೋರಿಸಿದೆ. ಆವತ್ತು ನಕ್ಕ ಊರು ಮತ್ತೆ ನಕ್ಕಿತು. ಈ ಸಲ ನಗಿಸಿದವನು ನಾನು. ಮೂಲೆಯಿಂದ ನನ್ನನ್ನು ಎಬ್ಬಿಸಿದ್ದು ಆ ಗೂಟ.

ಇಂಥ ಗೋಡೆ ಕಾಕಾನ ಮಗಳ ಮದುವೆಗೆ ಅಡ್ಡ ಬಂತು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ನಕಲಿಯಲ್ಲಿ ತಪ್ಪು ಹುಡುಕುವ ಒಬ್ಬಳೇ ಒಬ್ಬಳು. ಜತ್ತದ ಒಂದು ಸಂಬಂಧ ಅರ್ಧ ದಾರಿಗೆ ಬಂದು ತಿರುಗಿ ಹೋಗಿತ್ತು. ಅದು ಬೇಟೆಯವನ ಮನೆ, ಗೋಡೆ ತುಂಬ ಎಲುಬು, ಅಲ್ಲಿಯ ಹೆಣ್ಣು ನಮ್ಮ ದೇವರ ಜಗಲಿ ಮುಟ್ಟಬಾರದು ಎಂದರಂತೆ. ಈಗ ಬಿಜಾಪುರದ ಕಡೆಯಿಂದ ಒಂದು ಒಳ್ಳೆಯ ಮನೆತನ ಕೇಳಿ ಬರುವುದಿತ್ತು. ಅವರ ಕಿವಿಗೂ ಈ ಸುದ್ದಿ ಬಿದ್ದಿತ್ತು. ಆದರೂ ಒಮ್ಮೆ ನೋಡಿ ಬರೋಣ ಎಂದು ಹೊರಟಿದ್ದರು.

ಕಾಕು ಸೆರಗು ಸೊಂಟಕ್ಕೆ ಸಿಗಿಸಿ ಗಂಡನ ಮುಂದೆ ನಿಂತಳು. ಗೋಡೆ ಖಾಲಿಯಾಗಬೇಕು. ಬೀಗರ ಮುಂದೆ ಹೂಂ, ಹಾಂ ಬಿಟ್ಟು ಮಾತು ಹೊರಡಬಾರದು. ತಪಕೀರಿನ ಡಬ್ಬಿ ಅವತ್ತು ತನ್ನ ಕೈಯಲ್ಲಿರಬೇಕು. ಈ ಕೊನೆಯದು ದೊಡ್ಡದು. ಹೆಣ್ಣು ನೋಡುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ಕಾರ್ಯ ಅಲ್ಲಿಗೇ ನಿಲ್ಲುತ್ತದೆ. ಜೋಡಿ ಸೀನಾದರೆ ದೋಷವಿಲ್ಲ, ಶುಭವೇ. ಕಾಕಾನ ಮೂಗಿಗೆ ಜೋಡಿಯ ರೂಢಿ ಇರಲಿಲ್ಲ.

“ನಿಮ್ಮ ಹಂದಿ ತೋಳ ಎಲ್ಲಾ ಉಳದಾವು. ನನ್ನ ಮಗಳೂ ಹಂಗ ಮನ್ಯಾಗ ಉಳೀಬೇಕೇನು?” ಎಂದಳು ಕಾಕು.

ಕಾಕಾ ಎದ್ದು ತಾನೇ ಒಂದೊಂದನ್ನೂ ಇಳಿಸಿದ. ನಾನು ಅವನ್ನು ಹೊತ್ತು ಒಯ್ದು ದನದ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯ ರಾಶಿಯ ಹಿಂದೆ ಇಟ್ಟೆ. ಕೊನೆಗೆ ನನ್ನ ಮೀಸೆಯೂ ಎಮ್ಮೆಯ ಪಕ್ಕ ಹೋಗಿ ಕೂತಿತು. ಚಿರತೆಯನ್ನು ಮಾತ್ರ ಇಳಿಸಲು ಬರಲಿಲ್ಲ. ಖಾಲಿ ಗೋಡೆ ಇನ್ನಷ್ಟು ಮಾತಾಡತೊಡಗಿತು. ವರ್ಷಗಟ್ಟಲೆಯ ಹೊಗೆ ಹಿಡಿದ ಗೋಡೆಯ ಮೇಲೆ ಧೋತರದಷ್ಟು ಬಿಳಿ, ಗಿಂಡಿಯಷ್ಟು ದುಂಡನೆಯ ಬಿಳಿ, ಛತ್ರಿಯ ಉದ್ದದ ಬಿಳಿ. ಕಾಕಾ ಅದರ ಮುಂದೆ ಕಂಬಕ್ಕೆ ಒರಗಿ ಕೂತದ್ದನ್ನು ನೋಡಿ ಮೊದಲ ಸಲ ನನಗೆ ಯಾರ ನಕಲಿಯೂ ನೆನಪಾಗಲಿಲ್ಲ.

ಅಕ್ಕ ಕೊಟ್ಟಿಗೆಗೆ ಬಂದಳು.

“ಏ ನಕಲಿ, ನಮ್ಮಪ್ಪನ ಬಾಯಿಗೆ ಬೀಗ ಹಾಕ್ಯಾರ. ನಿನ್ನ ಬಾಯಿಗೆ ಯಾರೂ ಹಾಕಿಲ್ಲ, ಹೌದಲ್ಲೊ?”

“ಹಾಕೂದು ಮರತಾರ ಅಕ್ಕಾ.”

“ಈ ಗ್ವಾಡಿ ನೋಡಿ ನಗಲಾರದವರ ಮನಿಗೆ ನಾ ಹೋಗೂದಿಲ್ಲ. ಅವ್ವಗ ಹೇಳಬ್ಯಾಡ.”

ಬೀಗರು ಬಂದರು. ವರನ ಅಜ್ಜಿ, ವರನ ಅಪ್ಪ, ವರ. ಅಜ್ಜಿ ಒಣಗಿದ ಬದನೆಕಾಯಿಯಷ್ಟು ಇದ್ದಳು, ಕಣ್ಣು ಮಾತ್ರ ಸೂಜಿ. ವರ ನೆಲ ನೋಡುತ್ತ ಕೂತ, ನಮ್ಮ ನೆಲದಲ್ಲಿ ಏನೋ ಕಳೆದುಕೊಂಡವನ ಹಾಗೆ. ವರನ ಅಪ್ಪ ಬಿಸಿಲಿನಲ್ಲಿ ಬಂದವರು, ಕೋಟು ಕಳಚಿ ಸುತ್ತ ನೋಡಿದರು. ಇಡೀ ಗೋಡೆಯ ಗೂಟಗಳೆಲ್ಲ ಖಾಲಿ ಇದ್ದವು. ಅವರು ಸೀದಾ ನಡುವಿನ ಗೂಟಕ್ಕೆ ತೂಗಿದರು.

ಕಾಕಾನ ಮೈ ಅರ್ಧ ಎದ್ದಿತು. ಒಳಬಾಗಿಲಲ್ಲಿ ಕಾಕುವಿನ ಬಳೆ ಸಪ್ಪಳವಾಯಿತು. ಕಾಕಾ ಮತ್ತೆ ಕೂತ. ಆದರೆ ಕಣ್ಣು ಆ ಕೋಟನ್ನು ಬಿಡಲಿಲ್ಲ.

ಉಪ್ಪಿಟ್ಟು ಬಂತು. ಅಕ್ಕ ಬಂದು ಕೂತಳು. ರೊಟ್ಟಿ ಬಡಿಯಲು ಬರುತ್ತದೆಯೇ, ಹೊಲದ ಕೆಲಸ ರೂಢಿಯಿದೆಯೇ ಎಂದು ಅಜ್ಜಿ ಕೇಳಿದಳು, ಅಕ್ಕ ತಲೆ ಎತ್ತಿಯೇ ಉತ್ತರ ಕೊಟ್ಟಳು. ವರನ ಅಪ್ಪ ಕಾಕಾನನ್ನು ಮಾತಿಗೆಳೆದರು. ಈ ಸಲ ಜೋಳ ಹೇಗೆ ಎಂದರೆ ಹೂಂ. ಊರಲ್ಲಿ ಬಾವಿಗಳಿಗೆ ನೀರಿದೆಯೋ ಎಂದರೆ ಹಾಂ. ನಿಮ್ಮ ಎತ್ತು ಯಾವ ಕಡೆಯವು ಎಂದರೂ ಹೂಂ. ಅವರು ಮೆಲ್ಲಗೆ ತಾಯಿಯ ಕಿವಿಯಲ್ಲಿ, ಬೀಗರಿಗೆ ಮಾತು ಬರುವುದಿಲ್ಲವೆಂದು ನಮಗೆ ಯಾರೂ ಹೇಳಲಿಲ್ಲವಲ್ಲ ಎಂದದ್ದು ಬಾಗಿಲ ಹಿಂದೆ ಚಹಾದ ಕೆಟಲಿ ಹಿಡಿದು ನಿಂತ ನನಗೂ ಕೇಳಿಸಿತು. ಆದರೂ ಅಕ್ಕ ಅವರ ಮನಸ್ಸಿಗೆ ಬಂದಿದ್ದಳು. ಗಂಟಲು ಸರಿಪಡಿಸಿಕೊಂಡರು.

“ಕನ್ಯಾ ನಮಗ ಪಸಂತ ಐತ್ರಿ. ಇನ್ನ ಮುಂದಿನ ಮಾತು...”

ಗೋಡೆ ಖಾಲಿ ಮಾಡಿದಾಗ ಎದ್ದ ಹಳೆಯ ಧೂಳು ಇನ್ನೂ ಪಡಸಾಲೆಯಲ್ಲಿ ತೇಲುತ್ತಿತ್ತು. ಕಾಕು ಡಬ್ಬಿ ಬಚ್ಚಿಟ್ಟಿದ್ದಳು, ಧೂಳನ್ನು ಎಲ್ಲಿ ಬಚ್ಚಿಡಬೇಕು? ಕಾಕಾನ ಮೂಗು ಮೇಲೆದ್ದಿತು. ಹೊಳ್ಳೆ ಅರಳಿದವು. ಆಮೇಲೆ ಆ ಸೀನು.

ಗುಡಿಯ ಮೇಲಿನ ಪಾರಿವಾಳಗಳು ಪಟಪಟನೆ ಎದ್ದವು. ವರನ ಅಪ್ಪ ಎದ್ದು ಕೋಟಿಗೆ ಕೈ ಹಾಕಿದರು. ಕಾಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಾಕಾನ ಮುಖ ನೋಡಿದೆ: ಹಂದಿ, ತೋಳ, ಸಾಹೇಬ, ಕಾಶಿಯ ಗಾಡಿ, ಯಾವುದಕ್ಕೂ ಸೋಲದವನು ಮಗಳ ಕಡೆ ನೋಡಲಾರದೆ ಕೂತಿದ್ದ.

ನಾನು ಕ್ಷಣವೂ ಯೋಚಿಸಲಿಲ್ಲ. ಬಾಗಿಲ ಹಿಂದಿನಿಂದ ಎರಡನೆಯ ಸೀನನ್ನು ಹಾಕಿಯೇಬಿಟ್ಟೆ. ಅದೇ ಎಳೆತ, ಅದೇ ಗುಡುಗು. ಕೆಟಲಿಯ ಮುಚ್ಚಳ ಹಾರಿತು.

ವರನ ಅಪ್ಪನ ಕೈ ಕೋಟಿನ ಮೇಲೆಯೇ ನಿಂತಿತು. ಜೋಡಿ ಸೀನು, ಚಲೋ ಆಯಿತು, ಎಂದು ಕೂರಲು ಬಾಗಿದರು. ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು.

“ಜೋಡಿ ಎಲ್ಲೀದೋ? ಮೊದಲನೇದಕ್ಕ ಪಾರಿವಾಳ ಎದ್ದುವು. ಎರಡನೇದಕ್ಕ ಒಂದೂ ಏಳಲಿಲ್ಲ. ಬಾಗಲ ಹಿಂದ ಯಾಂವ ಅದಾನ, ಹೊರಗ ಬಾ.”

ಇಷ್ಟು ಹೊತ್ತು ನೆಲ ನೋಡುತ್ತಿದ್ದ ವರ ಫಕ್ಕನೆ ನಕ್ಕುಬಿಟ್ಟ. ಅಕ್ಕ ಅವನನ್ನು ಆಗ ನೋಡಿದಳು, ಸರಿಯಾಗಿ.

ನಾನು ಕೆಟಲಿ ಹಿಡಿದೇ ಹೊರಗೆ ಬಂದೆ. ಇಂಥ ಸೀನು ಎಲ್ಲಿ ಕಲಿತಿ ಎಂದು ಅಜ್ಜಿ ಕೇಳಿದಳು. ಬಾಯಿಗೆ ಬೀಗವಿಲ್ಲದವನು ನಾನೊಬ್ಬನೇ. ಆಯೀ, ಇದು ಅಪಶಕುನದ ಸೀನಲ್ಲ, ಇದರ ಹಿಂದೆ ಒಂದು ಚಿರತೆ ಇದೆ, ಮತ್ತು ಬೀಗರ ಕೋಟು ಈಗ ಅದರ ಮೇಲೆಯೇ ಇದೆ ಎಂದೆ. ವರನ ಅಪ್ಪ ಕೋಟನ್ನು ಸರಕ್ಕನೆ ಎಳೆದುಕೊಂಡರು. ನಾನು ಕಾಕಾನೇ ಆದೆ. ಮೂಗು ಎತ್ತಿದೆ, ಧೋತರ ಸರಿಪಡಿಸಿದೆ, ಮರ ಹತ್ತಿದೆ, ಸಾಹೇಬನ ಒಂದು ಕಣ್ಣು ಮುಚ್ಚಿದೆ, ಕೆಳಗೆ ಚಿರತೆಯಾಗಿ ಬಂದು ಬಾಲ ಅಲುಗಿಸಿದೆ. ಅಜ್ಜಿ ಕೋಲಿನ ಮೇಲೆ ಗದ್ದ ಊರಿ ಮುಂದಕ್ಕೆ ಬಾಗಿದಳು. ಕಾಕಾ ಬಾಯಿ ಬಿಗಿಹಿಡಿದು ಕೂತಿದ್ದ. ಅವನ ಬೀಗದ ಕೀಲಿ ಯಾವುದೆಂದು ನನಗೆ ಗೊತ್ತಿತ್ತು. ಕಥೆಯ ತುದಿಗೆ ಬಂದು, ಬೇಕೆಂದೇ, ಗುಂಡು ಹಾರಿತು, ಚಿರತೆ ಅಲ್ಲೇ ಬಿದ್ದು ಸತ್ತಿತು ಎಂದೆ.

“ಸುಳ್ಳ ಹೇಳಬ್ಯಾಡಲೇ.”

ಕಾಕಾ ಎದ್ದು ನಿಂತಿದ್ದ. ಬೀಗರಿಗೆ ಮಾತು ಬರುತ್ತದೆಂದು ಬೀಗರಿಗೆ ಗೊತ್ತಾಯಿತು.

“ಚಿರತಿ ಸತ್ತಿಲ್ಲರಿ. ಹಂದಿ ಸತ್ತಿಲ್ಲ, ತೋಳ ಸತ್ತಿಲ್ಲ. ನನ್ನ ಕೈಯಾಗ ಒಂದು ಇರಿವಿನೂ ಸತ್ತಿಲ್ಲ. ಬೇಕಾದ್ರ ಹೆಣ್ಣ ಬ್ಯಾಡ ಅನ್ರಿ. ಸತ್ತಿತು ಅನಬ್ಯಾಡ್ರಿ.”

ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟು ಅವನ ಕಡೆ ತಿರುಗಿದಳು. ಆಮೇಲೆ ಕೇಳಿದ ಪ್ರಶ್ನೆಯನ್ನು ಇಷ್ಟು ವರ್ಷ ಗೋಡೆಸಂಬಂಧದವರಾದ ನಾವೂ ಕೇಳಿರಲಿಲ್ಲ.

“ಆ ಶೀನು ತಾನ ಬಂತೋ, ನೀ ತಂದ್ಯೋ?”

ಕಾಕಾ ಮೂಗು ಉಜ್ಜಿಕೊಂಡ. ಒಳಬಾಗಿಲ ಕಡೆ ಒಮ್ಮೆ ನೋಡಿದ.

“ಶೀನು ತಾನ ಬಂತು ಆಯಿ. ತಪಕೀರ ನಾ ಏರಿಸಿದ್ದೆ.”

“ಗಿಡದ ಮ್ಯಾಲ ಕುಂತು?”

“ಚಿರತಿ ಬಂದ ಮ್ಯಾಲ.”

ಅಜ್ಜಿ ನಗತೊಡಗಿದಳು. ಸಪ್ಪಳವಿಲ್ಲದ ನಗೆ, ಇಡೀ ಮೈ ಅಲುಗುತ್ತಿತ್ತು. ಹಾಗಾದರೆ ಹಂದಿಯನ್ನೂ ನೀನೇ ಬಿಟ್ಟೆಯಾ ಎಂದರೆ ಕಾಕಾ ಪ್ರಾಮಾಣಿಕವಾಗಿ ತಲೆ ಅಲ್ಲಾಡಿಸಿದ: ಹಂದಿಯ ವಿಷಯದಲ್ಲಿ ತನ್ನದೇನೂ ಇಲ್ಲ, ಅದು ತನ್ನ ತಾಕತ್ತಿನಿಂದಲೇ ಉಳಿಯಿತು, ತಾನು ಜಾಲಿಯ ಗಿಡದಿಂದ ಉಳಿದೆ. ಇಳಿಸಿಟ್ಟ ಸಾಮಾನೆಲ್ಲ ಎಲ್ಲಿ ಎಂದು ಅಜ್ಜಿ ಕೇಳಿದಳು. ಗೋಡೆಯ ಬಿಳಿ ಕಲೆಗಳನ್ನು ಅವಳು ಬಂದಾಗಿನಿಂದ ಲೆಕ್ಕ ಹಾಕುತ್ತಿದ್ದಳಂತೆ.

ಕೊಟ್ಟಿಗೆಯಿಂದ ಮೆರವಣಿಗೆ ಹೊರಟಿತು. ಧೋತರವನ್ನು ನಾನು ಬಾವುಟದ ಹಾಗೆ ಎತ್ತಿ ತಂದೆ. ಚಪ್ಪಲಿ, ಬುತ್ತಿಯ ಅರಿವೆ, ಕೋಡು, ಛತ್ರಿ. ಕಾಕಾ ಹೇಳಿದ, ನಾನು ಪ್ರಾಣಿಗಳಾದೆ. ವರ ಸ್ಟೂಲು ಹತ್ತಿ ಒಂದೊಂದನ್ನೂ ಅದರದರ ಬಿಳಿ ಕಲೆಗೆ ಸರಿಯಾಗಿ ತೂಗಿದ. ಯಾವುದು ಎಲ್ಲಿ ಎಂದು ಅಕ್ಕ ಕೆಳಗಿನಿಂದ ಹೇಳಿದಳು, ಅವನು ಒಮ್ಮೆ ಬೇಕೆಂದೇ ತಪ್ಪು ಗೂಟಕ್ಕೆ ಹಾಕಿ ಎರಡು ಸಲ ಹೇಳಿಸಿಕೊಂಡ. ಗಿಂಡಿ ಬಂದಾಗ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. ಕಾಕಾ ಗಾಬರಿಯಾದ.

“ಆಯೀ, ಅದು ಗಂಗಾ ಅಲ್ಲ. ಮನಮಾಡ ನಳದ ನೀರು.”

“ಇರಲಿ ಬಿಡಪಾ. ಕೈ ಮುಗದಾಗೇತಿ. ಮುಗದ ಕೈ ತಿರುಗಿ ತಗೊಳ್ಳಾಕ ಬರತೈತೇನು?”

ಕೊನೆಗೆ ಅಜ್ಜಿ ಕಾಕುವನ್ನು ಹೊರಗೆ ಕರೆದು ಪಕ್ಕಕ್ಕೆ ಕೂರಿಸಿಕೊಂಡಳು. “ಶಿಕಾರಿ ಮನಿ ಅಂತ ಹೇಳಿದ್ರು ಯವ್ವಾ. ಇದು ಶಿಕಾರಿ ತಪ್ಪಿದ ಮನಿ. ಸಕ್ಕರಿ ಹಂಚ್ರಿ.”

ಸಂಜೆಯ ಬಸ್ಸು ಯಾವಾಗಲೋ ಹೋಗಿತ್ತು. ಬೀಗರು ನಮ್ಮೂರಲ್ಲೇ ಉಳಿದರು. ಮರುದಿನ ಹೊರಡುವಾಗ ಕಾಕಾ, ತಪ್ಪಿದ ಬಸ್ಸಿನ ಗುರುತಿಗೆ ಏನಾದರೂ ಬಿಟ್ಟು ಹೋಗಬೇಕಲ್ಲ ಎಂದು ಮುಖ ಮುಖ ನೋಡಿದ. ವರ ಅಪ್ಪನ ಕೋಟಿನ ಒಂದು ಗುಂಡಿ ಕಿತ್ತು ಅವನ ಕೈಯಲ್ಲಿಟ್ಟ. ಅಳಿಯ ಆಗಲು ಅವನಿಗೆ ಇನ್ನೇನೂ ಬಾಕಿ ಉಳಿಯಲಿಲ್ಲ. ಮದುವೆಯಾದ ಮೇಲೆ ಬಂದವರಿಗೆ ಗೋಡೆ ತೋರಿಸುವ ಕೆಲಸ ಕಾಕುವೇ ಹಿಡಿದಳು. ತೋಳಕ್ಕೂ ತಡೆಯದ ಹಿಂಡಿಯ ಭಾಗ ಅವಳ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಖಾರವಾಗುತ್ತ ಹೋಯಿತು.

ಕೆಲವು ವರ್ಷದ ಮೇಲೆ ಕಾಕಾ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಉಸಿರು ಮೇಲಕ್ಕೆ ಹತ್ತಿ, ಕಣ್ಣು ಮುಚ್ಚಿ, ಹಿರಿಯರೆಲ್ಲ ಸೇರಿ ಇನ್ನು ಬಾಯಿಗೆ ಗಂಗೆ ಬಿಡಿ ಎಂದರು. ಊರಲ್ಲಿ ಗಂಗೆ ಎಲ್ಲಿದೆ, ಎಲ್ಲ ಆರಿಹೋಗಿತ್ತು. ಕಾಕು ಗೋಡೆಯ ಕಡೆ ನೋಡಿದಳು. ನಾನೇ ಗಿಂಡಿ ಇಳಿಸಿ, ಕುಡುಗೋಲಿನ ತುದಿಯಿಂದ ಬೆಸುಗೆ ಒಡೆದೆ. ಕಾಕು ಒಂದು ಚಮಚ ಬಾಯಿಗೆ ಹಾಕಿದಳು. ಗುಟುಕು ಇಳಿಯಿತು. ಒಂದು ಕಣ್ಣು ತೆರೆಯಿತು.

“ಯಾವ ನೀರಿದು?”

“ಮನಮಾಡದ್ದು,” ಎಂದಳು ಕಾಕು.

“ಹಂಗಾದ್ರ ಗಾಡಿ ಮತ್ತ ತಪ್ಪಿತು,” ಎಂದು ಕಾಕಾ ಎದ್ದು ಕೂತ.

ಅಳಲು ಬಂದವರು ಚಹಾ ಕುಡಿದು ಹೋದರು. ಹೊದಿಸಲೆಂದು ತಂದ ಬಿಳಿ ಅರಿವೆ ಮರುದಿನವೇ ಗೂಟ ಏರಿತು. ಅದು ಎಲ್ಲಕ್ಕಿಂತ ದೊಡ್ಡ ಶಿಕಾರಿ ಎಂದು ಕಾಕಾ ಎದೆ ಉಬ್ಬಿಸಿ ತೋರಿಸುತ್ತಿದ್ದ: ಯಮನೂ ಉಳಿದ, ತಾನೂ ಉಳಿದೆ. ಹಾಗೆ ತೋರಿಸುತ್ತಲೇ ಮತ್ತೆರಡು ಬೇಸಿಗೆ ಕಳೆದ.

ಹೋದ ವರ್ಷ ಹೋದ. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತು ತಪಕೀರು ಏರಿಸಿದ. ಮೂಗು ಎತ್ತಿದ. ನಾನು ನಮ್ಮ ಬಾಗಿಲಲ್ಲಿ ನಿಂತು ಪಾರಿವಾಳಗಳ ಕಡೆ ನೋಡುತ್ತಿದ್ದೆ, ಇನ್ನೇನು ಏಳುತ್ತವೆ ಎಂದು. ಏಳಲಿಲ್ಲ. ತಿರುಗಿ ನೋಡಿದರೆ ಕಾಕಾ ಮೂಗು ಎತ್ತಿದ ಹಾಗೆಯೇ ಕಂಬಕ್ಕೆ ಒರಗಿದ್ದ. ಗೂಟದ ಮೇಲಿನ ಬಿಳಿ ಅರಿವೆ ಕೆಲಸಕ್ಕೆ ಬಂತು.

ಮಣ್ಣು ಕೊಡಲು ಒಯ್ಯುವ ಮುಂಚೆ ಅಕ್ಕ ನನ್ನ ಹತ್ತಿರ ಬಂದು ನಿಂತಳು. ಅತ್ತು ಅತ್ತು ದನಿ ನನ್ನ ಹಳೆಯ ದನಿಯ ಹಾಗೆ ಒಡೆದಿತ್ತು.

“ಅಪ್ಪನ ಶೀನು ಅರ್ಧಕ್ಕ ನಿಂತೈತೋ ನಕಲಿ. ನೀ ಮುಗಸು.”

ಊರೆಲ್ಲ ನಿಂತಿತ್ತು. ನಾನು ಗುಡಿಯ ಕಡೆ ಮುಖ ಮಾಡಿ, ನನ್ನೊಳಗೆ ಕಾಕಾ ಎಷ್ಟು ಉಳಿದಿದ್ದನೋ ಅಷ್ಟನ್ನೂ ಕೂಡಿಸಿ ಸೀನಿದೆ. ಅಂಥ ಸೀನನ್ನು ನಾನು ಹಿಂದೆ ಹಾಕಿಲ್ಲ, ಮುಂದೆ ಹಾಕುವುದೂ ಇಲ್ಲ. ಯಾರೂ ಬಯ್ಯಲಿಲ್ಲ. ಅಳುತ್ತಿದ್ದ ಕೂಸೊಂದು ಸುಮ್ಮನಾಯಿತು. ಪಾರಿವಾಳಗಳು ಏಳಲಿಲ್ಲ. ಒಂದೇ ಒಂದು ಮಾತ್ರ ಕತ್ತು ಹೊರಳಿಸಿ ನನ್ನ ಕಡೆ ನೋಡಿತು, ರೆಕ್ಕೆ ಅರ್ಧ ಬಿಚ್ಚಿತು, ಮತ್ತೆ ಮಡಚಿಕೊಂಡಿತು.

ಈಗ ನಮ್ಮ ಮನೆಯ ಪಡಸಾಲೆಯಲ್ಲಿ, ಕಾಕಾನ ಗೋಡೆಯ ಈಚೆ ಮಗ್ಗುಲಿಗೆ, ಒಂದು ಗೂಟ ಖಾಲಿ ಇದೆ. ಬಂದ ನೆಂಟರು ಅದಕ್ಕೆ ರುಮಾಲು ತೂಗಲು ಹೋಗುತ್ತಾರೆ. ನಾನು ಧಡಕ್ಕನೆ ಎದ್ದು ತಡೆಯುತ್ತೇನೆ. ಕೂರಿಸಿ, ಚಹಾ ಕೊಟ್ಟು, ಬಸ್ಸು ಹೋಗುವವರೆಗೂ ಕಥೆ ಹೇಳುತ್ತೇನೆ. ಮೊದಲ ಮಾತು ಮಾತ್ರ ಯಾವಾಗಲೂ ಅದೇ, ದನಿಯೂ ನನ್ನದಲ್ಲ:

“ತಗೀರಿ, ತಗೀರಿ. ಅಲ್ಲಿ ಪಾರಿವಾಳ ಐತಿ.”